ಗದ್ದೆಗೆ ಯಾರು ಬಂದರು

ಈಗ ನಾರೇಯ ಹಾಡು ಕೇಳಲು ಲೀಡ್ಸಿನಲ್ಲೂ ಬರ್ಮಿಂಗ್‌ಹ್ಯಾಮಿನಲ್ಲೂ ಜನ ಟಿಕೆಟ್ ಕೊಂಡು ಬರುತ್ತಾರೆ. ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ ಅವಳು ಮೊದಲು ಹೇಳುವುದು ವಿದನ್‌ಶಾ ಎಂಬ ಊರಿನ ಒಂದು ಅಡುಗೆಮನೆಯನ್ನು. ಆ ಅಡುಗೆಮನೆಯ ಒಡತಿ ವಿನೋದಾಳಿಗೆ ಮಾತ್ರ ಆ ಮಾತು ಕೇಳಿದಾಗ ಹೆಮ್ಮೆಗಿಂತ ಮೊದಲು ಹಳೆಯ ಕಳವಳ ಏಳುತ್ತದೆ. ನಾರೇಗೆ ಹದಿನೆಂಟಾಗಿದ್ದ ಆ ವರ್ಷ, ಚಳಿಗಾಲದ ಕೊನೆಯಲ್ಲಿ, ಹುಡುಗಿಯನ್ನು ಮನೆಯಲ್ಲಿ ಉಳಿಸಿಕೊಳ್ಳುವುದೋ ಗಂಡನ ಕೆಲಸ ಉಳಿಸಿಕೊಳ್ಳುವುದೋ ತಿಳಿಯದೆ ಅವಳು ಒದ್ದಾಡಿದ ವಾರಗಳಿದ್ದವು. ಕಥೆ ಆ ವಾರಗಳದ್ದು.

ನಾರೇ ಕೊರಿಯಾದ ಹುಡುಗಿ. ತಾಯಿ ಹೇಸುಕ್ ವಿದನ್‌ಶಾದ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ಗಂಡನಿಲ್ಲ, ಹತ್ತಿರದ ಬಂಧುಗಳೂ ಇಲ್ಲ, ಪಾಳಿಯ ಕೆಲಸ ಬೇರೆ. ವಿನೋದಾ ಆಗ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಚೈಲ್ಡ್‌ಮೈಂಡರ್ ಆಗಿದ್ದಳು. ಇನ್ನೂ ಹಲ್ಲು ಬಾರದ ಕೂಸನ್ನು ಹೇಸುಕ್ ತಂದು ಅವಳ ಮಡಿಲಿಗೆ ಹಾಕಿ ಪಾಳಿಗೆ ಓಡಿದಳು. ವಿನೋದಾಳ ಮಗ ಶೋಭಿತ್‌ನಿಗೂ ಅದೇ ಪ್ರಾಯ. ಇಬ್ಬರೂ ಒಂದೇ ಬಟ್ಟಲಿನ ಗಂಜಿ ಉಂಡು ಬೆಳೆದರು. ಫಲ ಏನಾಯಿತೆಂದರೆ, ಶೋಭಿತ್ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ, ನಾರೇ ಮಂಗಳೂರು ಕನ್ನಡದಲ್ಲಿ ಕೊಡುತ್ತಿದ್ದಳು. ‘ಆಸ್ಪತ್ರೆಯಲ್ಲೇ ಅದಲು ಬದಲು ಆದದ್ದು ಇರಬೇಕು, ಒಮ್ಮೆ ವಿಚಾರಿಸುವಾ’ ಎಂದು ವಿನೋದಾಳ ಗಂಡ ಭುಜಂಗ ಬಂದವರೆದುರು ತಮಾಷೆ ಮಾಡುತ್ತಿದ್ದ.

ಹಾಡು ಕಲಿಸಿದವರು ಭುಜಂಗನ ತಾಯಿ ಭಾಗೀರಥಿ. ಅವರು ಪ್ರಾಯದಲ್ಲಿ ಕಾಪು ಕಡೆಯ ಗದ್ದೆಗಳಲ್ಲಿ ನಾಟಿಗೆ ಹೋಗುತ್ತಿದ್ದವರು, ಸಾಲಿನಲ್ಲಿ ಮೊದಲು ನಿಂತು ಸೊಲ್ಲು ಎತ್ತುತ್ತಿದ್ದವರು. ಸುರಿಯುವ ಮಳೆಯಲ್ಲಿ ತಲೆಯಿಂದ ಬೆನ್ನಿನವರೆಗೆ ಓಲೆಯ ಗೊರಬು ಹೊದ್ದು ಬಗ್ಗಿದವರ ಮುಖ ಯಾರಿಗೂ ಕಾಣುವುದಿಲ್ಲ. ಅದಕ್ಕೇ ಅವರೂರಿನ ಹೆಂಗಸರಲ್ಲಿ ಒಂದು ಕಟ್ಟಳೆಯಿತ್ತು. ಮುಂದಿನವಳು ‘ಎಂಕ್ಲೆನ ಕಂಡೊಗು ಏರ್ ಬತ್ತೆರ್’ ಎಂದು ತುಳುವಿನಲ್ಲಿ ಕೇಳಬೇಕು, ನಮ್ಮ ಗದ್ದೆಗೆ ಯಾರು ಬಂದರು ಎಂದು. ಕೇಳಿಸಿದವರೆಲ್ಲ ‘ಎಂಕುಲು ಬತ್ತ, ಓ ಲೆಲ್ಲೇ’ ಎನ್ನಬೇಕು, ನಾವು ಬಂದೆವು ಎಂದು. ಮಾತು ಬಿಟ್ಟವರೂ, ಅತ್ತೆ ಸೊಸೆ ಜಗಳವಾಡಿದವರೂ ಇದೊಂದಕ್ಕೆ ದನಿ ಕೊಡಲೇಬೇಕು. ಒಂದು ದನಿ ಕಡಿಮೆಯಾದರೆ ಕೈಯಲ್ಲಿದ್ದ ಭತ್ತದ ನೇಜಿ ಬಿಟ್ಟು ಹುಡುಕಲು ಓಡುತ್ತಿದ್ದರು. ಭಾಗೀರಥಿಯವರ ಅಕ್ಕ ನೀರು ತುಂಬಿದ ತೋಡಿಗೆ ಜಾರಿಹೋದ ದಿನ ಹಾಗೆ ಒಂದು ದನಿ ಕಡಿಮೆಯಾಗಿತ್ತು.

ವಿದನ್‌ಶಾಕ್ಕೆ ಬಂದ ಮೇಲೆ ಗದ್ದೆ ಎಲ್ಲಿಂದ ಬರಬೇಕು? ಅವರು ಊಟಕ್ಕೆ ಕರೆಯಲು ಅದನ್ನೇ ಹಿಡಿದರು. ಸಂಜೆ ಅನ್ನ ಬಸಿದ ಕೂಡಲೇ ಅಡುಗೆಮನೆಯಿಂದ ಸೊಲ್ಲು ಏಳುತ್ತಿತ್ತು. ಶೋಭಿತ್ ಹೆಡ್‌ಫೋನ್ ಒಂದು ಕಿವಿಯಿಂದ ತೆಗೆದು ಗೊಣಗುತ್ತಿದ್ದ, ವಿನೋದಾ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತ ಹೇಳುತ್ತಿದ್ದಳು, ಭುಜಂಗ ಬಚ್ಚಲಿನಿಂದ ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದ. ನಾರೇ ಮೇಜಿನ ಅಡಿಯಲ್ಲಿ ಆಡುತ್ತಿದ್ದ ಕಾಲದಿಂದ ಉತ್ತರ ಕೊಟ್ಟವಳು. ಆಮೇಲೆ ಅವಳ ಸ್ವಂತ ಅಜ್ಜಿ ಮೊಕ್ಪೋ ಎಂಬ ಕಡಲೂರಿನಿಂದ ಫೋನಿನಲ್ಲಿ ಬಲೆ ಎಳೆಯುವವರ ಹಾಡುಗಳನ್ನು ಹೇಳಿಕೊಟ್ಟಳು. ಹುಡುಗಿ ಎರಡನ್ನೂ ಸೇರಿಸಿ, ಸಣ್ಣ ಕೊರಿಯನ್ ಡೋಲೊಂದನ್ನು ಬಡಿಯುತ್ತ ತನ್ನದೇ ಒಂದು ಹಾಡುವ ರೀತಿ ಮಾಡಿಕೊಂಡಳು. ತಾಯಿಗೆ ಅವಳು ಫಾರ್ಮಸಿಸ್ಟ್ ಆಗಬೇಕೆಂಬ ಆಸೆಯಿತ್ತು.

ಆ ಜನವರಿಯಲ್ಲಿ ಮೊಕ್ಪೋದ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಳು. ಹೇಸುಕ್ ರಜೆ ಹಾಕಿ ಹೊರಟಳು. ನಾರೇಯ ಚೀಲ ಹಿಡಿದು ಬಾಗಿಲಲ್ಲಿ ನಿಂತಾಗ ಅವಳ ಬಾಯಿಗೆ ಬಂದದ್ದು ಒಂದೇ ವಾಕ್ಯ, ‘ಅವಳು ಪರೀಕ್ಷೆ ಬರೆಯಲಿ, ಹೊತ್ತಿಗೆ ಸರಿಯಾಗಿ ಉಣ್ಣಲಿ.’ ವಿನೋದಾ ‘ನಮ್ಮ ಮನೆಯಲ್ಲಿ ಅವಳಿಗೆ ಎಂತ ಕಡಿಮೆ?’ ಎಂದು ಮಾತು ಕೊಟ್ಟಳು. ಶೋಭಿತ್‌ನ ಸಣ್ಣ ಕೋಣೆ ನಾರೇಗೆ ಹೋಯಿತು, ಅವನು ಲೌಂಜಿನ ಸೋಫಾಕ್ಕೆ ಬಂದ.

‘ಮೈ ಬ್ಯಾಕ್ ಈಸ್ ಕಿಲ್ಲಿಂಗ್ ಮಿ,’ ಎಂದ ಮಾರನೆಯ ಬೆಳಿಗ್ಗೆ.

‘ನಿನ್ನ ಅಪ್ಪ ಇಲ್ಲಿಗೆ ಬಂದಾಗ ಎಂಟು ಜನ ಒಂದು ರೂಮಿನಲ್ಲಿ ನೆಲದ ಮೇಲೆ ಮಲಗಿದ್ದು,’ ಎಂದರು ಭಾಗೀರಥಿ.

‘ಲಾಸ್ಟ್ ಟೈಮ್ ಇಟ್ ವಾಸ್ ಸಿಕ್ಸ್, ಅಜ್ಜಿ.’

‘ಇಬ್ಬರು ಆಮೇಲೆ ಬಂದ್ರು. ನೀನು ದೋಸೆ ತಿನ್ನು.’

ಸೋಫಾದ ಜಗಳ ಅಲ್ಲಿಗೇ ನಿಂತಿದ್ದರೆ ವಿನೋದಾ ದೇವರಿಗೆ ಕಾಯಿ ಒಡೆಯುತ್ತಿದ್ದಳು.

ಭುಜಂಗನಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ. ಬಂದಿಳಿದ ವಿಮಾನಗಳ ಒಳಗನ್ನು ಗುಡಿಸಿ ಒರೆಸುವ ಕಾಂಟ್ರಾಕ್ಟರ್ ಕಂಪನಿಯಲ್ಲಿ ಅವನೇ ಪೊರಕೆ ಹಿಡಿದು ಸೇರಿದವನು, ಈಗ ಡ್ಯೂಟಿ ಮ್ಯಾನೇಜರ್, ನೂರಾರು ಹೆಂಗಸರ ಪಾಳಿಯ ಪಟ್ಟಿ, ರೋಟಾ, ಅವನ ಕೈಯಲ್ಲಿ. ಮನೆಸಾಲದ ಮಾರ್ಟ್‌ಗೇಜ್ ಕಂತು ನಡೆಯುತ್ತಿದ್ದದ್ದು ಮುಖ್ಯವಾಗಿ ಆ ಸಂಬಳದಲ್ಲಿ. ಅವನ ಕೈಕೆಳಗೆ ದುಡಿಯುವವರಲ್ಲಿ ಮಂಡ್ಯದ ಕಡೆಯ ಪುಟ್ಟಲಕ್ಷ್ಮಿ ಒಬ್ಬಳು. ಕನ್ನಡದವಳೆಂದು ವಿನೋದಾ ಹಬ್ಬಕ್ಕೆ ಕರೆಯುತ್ತಿದ್ದಳು. ಆ ಭಾನುವಾರ ಹಬ್ಬವಿರಲಿಲ್ಲ, ಬರಿದೇ ಬಂದಿದ್ದಳು. ಬಸಳೆಯ ಪದಾರ್ಥ ಬಡಿಸಿದರೂ ಅವಳ ತಟ್ಟೆ ಖಾಲಿಯಾಗಲಿಲ್ಲ.

‘ಮೈಗೆ ಸರಿಯಿಲ್ವಾ?’ ಎಂದಳು ವಿನೋದಾ.

ಪುಟ್ಟಲಕ್ಷ್ಮಿ ಭುಜಂಗನ ಕಡೆ ನೋಡಿ ತಲೆ ತಗ್ಗಿಸಿದಳು. ‘ಉರಿ ಕಣಕ್ಕ. ಮೂರನೇ ಸಲ ಜಿಪಿ ಡಾಕ್ಟ್ರ ಹತ್ರ ಹೋಗಿದ್ದೆ. ನೀರು ಕುಡೀರಿ, ತಡ್ಕೋಬೇಡಿ ಅಂತಾರೆ. ತಡ್ಕೊಳ್ದೆ ಏನ್ಮಾಡ್ಲಿ? ಒಂದು ಫ್ಲೈಟು ಮುಗಿಸಿ ಇನ್ನೊಂದು ಬರೋ ತಂಕ ಕಿಟಕಿಯಿಲ್ಲದ ರೂಮಲ್ಲಿ ಕೂರಿಸ್ತಾರೆ. ಟಾಯ್ಲೆಟ್ಟಿಗೆ ಅಂತ ಆಚೆ ಹೋದ್ರೆ ಫ್ಲೈಟು ಬಂದ್ಬಿಡುತ್ತೆ, ಹೆಸರಿಗೆ ಕೆಟ್ಟ ಮಾರ್ಕ್ ಬೀಳುತ್ತೆ. ಕಾದ ಹೊತ್ತಿಗೆ ಸಂಬಳಾನೂ ಇಲ್ಲ.’

‘ಕಾಯುದಕ್ಕೆ ಸಂಬಳ ಇಲ್ವಾ?’ ಎಂದಳು ನಾರೇ.

‘ರೋಟಾ ನಾನು ಮಾಡುದು, ನಿಯಮ ನಾನು ಮಾಡುದಲ್ಲ,’ ಎಂದ ಭುಜಂಗ. ‘ನಾನೂ ಅದೇ ರೂಮಿನಲ್ಲಿ ಕೂತವನೇ.’

‘ಹಾಗಾದ್ರೆ ಮಾಮನಿಗೆ ಗೊತ್ತುಂಟು,’ ಎಂದಳು ನಾರೇ.

ಭುಜಂಗ ಮಜ್ಜಿಗೆ ಕೇಳಿದ. ಪುಟ್ಟಲಕ್ಷ್ಮಿ ಹೋದ ಮೇಲೆ ವಿನೋದಾ ತಟ್ಟೆ ತೊಳೆಯುವಾಗ ನಾರೇ ಒರೆಸುತ್ತ ನಿಂತಿದ್ದಳು, ಒಂದೇ ತಟ್ಟೆಯನ್ನು ತುಂಬ ಹೊತ್ತು ಒರೆಸಿದಳು.

ಫೆಬ್ರವರಿ ನಡುವಿಗೆ ಯೂನಿಯನ್‌ನವರು ಮುಷ್ಕರ ಹೂಡಿದರು. ಸಿಬ್ಬಂದಿಯ ಗೇಟಿನೆದುರು, ರೌಂಡ್‌ಅಬೌಟಿನ ಪಕ್ಕದ ಫುಟ್‌ಪಾತಿನಲ್ಲಿ ಹೆಂಗಸರು ಬೋರ್ಡು ಹಿಡಿದು ನಿಂತರು. ಭುಜಂಗ ಮನೆಗೆ ಬಂದವನು ಉಂಡು, ಟಿವಿಯಲ್ಲಿ ಬೇಡದ ಫುಟ್‌ಬಾಲ್ ನೋಡುತ್ತಿದ್ದ. ನಾರೇ ಲೈಬ್ರರಿಗೆಂದು ಬೆಳಿಗ್ಗೆಯೇ ಹೊರಡುತ್ತಿದ್ದಳು. ಲೈಬ್ರರಿಗೆ ಹೋಗುವವಳಿಗೆ ಡೋಲು ಯಾಕೆ ಎಂದು ವಿನೋದಾ ಕೇಳಬೇಕಿತ್ತು, ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆ ಎಂಬ ಹೆದರಿಕೆ.

ಆ ಉತ್ತರ ಬಂದದ್ದು ಸಾಲ್ಫರ್ಡಿನಿಂದ. ಕನ್ನಡ ಸಂಘದ ವಸುಂಧರಾ ಫೋನ್ ಮಾಡಿದಳು. ಬೆಂಗಳೂರಿನವಳು, ಗಂಡ ರಾಮಮೂರ್ತಿಗೆ ಸಾಫ್ಟ್‌ವೇರು, ಟ್ರಾಮಿನ ಪಕ್ಕದ ಎತ್ತರದ ಫ್ಲ್ಯಾಟು.

‘ವಿನೋದಾ ಅವ್ರೇ, ಫ್ರೀ ಇದೀರಾ? ಗ್ರೂಪಲ್ಲಿ ಒಂದು ವಿಡಿಯೊ ಬಂದಿದೆ, ನೋಡಿದ್ರಾ? ನಿಮ್ಮನೇಲಿ ಇರ್ತಾಳಲ್ಲ, ಆ ಚೈನೀಸ್ ಹುಡುಗಿ...’

‘ಕೊರಿಯಾದವಳು.’

‘ಅದೇ. ಏರ್‌ಪೋರ್ಟ್ ಗೇಟ್ ಹತ್ರ ಡೋಲು ಬಡ್ಕೊಂಡು ಹಾಡ್ತಿದಾಳೆ. ತುಳೂನಲ್ಲಿ! ಅಷ್ಟೂ ಜನ ಹೆಂಗಸ್ರು ಹಿಂದೆ ಹೇಳ್ತಿದಾರೆ. ನಮ್ಮವರು ಚೆನ್ನಾಗಿದೆ ಅಂದ್ರು, ಅದು ಬೇರೆ. ಆದ್ರೆ ನಿಮ್ಮ ಯಜಮಾನ್ರು ಅಲ್ಲೇ ಅಲ್ವಾ ಇರೋದು? ಯುಗಾದಿ ಪ್ರೋಗ್ರಾಮಲ್ಲಿ ಅವಳ ಐಟಂ ಇತ್ತು, ಈ ಸಲ ಬೇಡ ಅಂತ ಕಮಿಟಿ ಡಿಸೈಡ್ ಮಾಡಿದೆ. ತಪ್ಪು ತಿಳ್ಕೋಬೇಡಿ.’

‘ಎಂತ ತಪ್ಪು ತಿಳ್ಕೊಳ್ಳುದು,’ ಎಂದು ವಿನೋದಾ ಫೋನ್ ಇಟ್ಟಳು. ಒಲೆಯ ಮೇಲಿನ ಸಾರು ತಳ ಹಿಡಿದಿತ್ತು.

ಆ ಸಂಜೆ ಭುಜಂಗ ಜಾಕೆಟ್ ತೆಗೆಯದೆಯೇ ಅಡುಗೆಮನೆಗೆ ಬಂದ. ನಾರೇ ಈರುಳ್ಳಿ ಹೆಚ್ಚುತ್ತಿದ್ದಳು. ದನಿ ಏರಿಸದೆ ಕೇಳಿದ, ವಿನೋದಾಳಿಗೆ ಅದೇ ಹೆಚ್ಚು ಭಯವಾಯಿತು.

‘ಎಷ್ಟು ದಿನದಿಂದ ಹೋಗ್ತಾ ಇದ್ದೀ?’

‘ಮೊದಲ ದಿನದಿಂದ.’

‘ನಾನು ಒಳಗಿದ್ದೇನೆ ಅಂತ ನಿಂಗೆ ಗೊತ್ತುಂಟಲ್ಲ?’

‘ಗೊತ್ತುಂಟು ಮಾಮ. ಅದಕ್ಕೇ ನಿಮ್ಮ ಪಾಳಿ ನೋಡಿ ಹೋದದ್ದು. ಎರಡು ಸಲ ತಪ್ಪಿತು.’

‘ಇವತ್ತು ಕೀತ್ ನನ್ನನ್ನು ಕಿಟಕಿಯ ಹತ್ರ ಕರೆದು ಕೇಳಿದ, ಆ ಹಾಡುವ ಹುಡುಗಿ ಯಾರು, ನಿನಗೆ ಗುರ್ತ ಉಂಟಾ ಅಂತ.’ ಕೀತ್ ಎಂದರೆ ಅವನ ಮೇಲಿನ ಮ್ಯಾನೇಜರ್. ‘ನಾನು ಇಲ್ಲ ಅಂದೆ.’

ನಾರೇಯ ಕೈಯ ಚಾಕು ನಿಂತಿತು. ಭಾಗೀರಥಿ ಮೊರದಿಂದ ತಲೆ ಎತ್ತಿದರು.

‘ಎಂತ ಹೇಳಿದೆ ನೀನು?’

‘ಗೊತ್ತಿಲ್ಲ ಅಂದೆ ಅಮ್ಮ. ಮತ್ತೆಂತ ಹೇಳುದು? ಸ್ಟ್ರೈಕಿನವರ ಲೀಡರು ನನ್ನ ಮನೆಯಲ್ಲಿ ಬಸಳೆ ತಿಂತಾಳೆ ಅಂತ ಹೇಳುದಾ? ಗೊತ್ತಾದ್ರೆ ಒಳಗಿನ ವಿಷಯ ನಾನೇ ಹೊರಗೆ ಕೊಟ್ಟದ್ದು ಅಂತಾರೆ. ಈ ಪ್ರಾಯದಲ್ಲಿ ನಂಗೆ ಬೇರೆ ಕೆಲಸ ಯಾರು ಕೊಡ್ತಾರೆ?’

‘ನಾನು ಲೀಡರ್ ಅಲ್ಲ,’ ಎಂದಳು ನಾರೇ. ‘ಸೊಲ್ಲು ಎತ್ತುದು ಅಷ್ಟೇ. ಅವರಿಗೆ ಚಳಿಯಲ್ಲಿ ನಿಲ್ಲಲಿಕ್ಕೆ ಒಂದು ಹಾಡು ಬೇಕು. ಪುಟ್ಟಕ್ಕ ಈ ಮೇಜಿನಲ್ಲೇ ಕೂತು ಹೇಳಿದ್ದಲ್ವಾ? ಎಲ್ಲರೂ ಕೇಳಿದ್ದೇವೆ.’

‘ಕೇಳಿದವರೆಲ್ಲ ಡೋಲು ಹಿಡಿದು ಹೋಗ್ಲಿಕ್ಕೆ ಉಂಟಾ?’

‘ಶಿ ಹ್ಯಾಸ್ ಎ ಪಾಯಿಂಟ್, ಡ್ಯಾಡ್,’ ಎಂದ ಶೋಭಿತ್ ಬಾಗಿಲಿನಿಂದ.

‘ನೀನು ಸುಮ್ನಿರು. ಕೌನ್ಸಿಲ್ ಟ್ಯಾಕ್ಸ್ ನಿನ್ನ ಪಾಯಿಂಟಿನಲ್ಲಿ ಕಟ್ಟುವಾ?’ ಭುಜಂಗ ಮತ್ತೆ ನಾರೇಯ ಕಡೆ ತಿರುಗಿದ. ‘ನೋಡು ಮಗಾ. ನೀನು ಈ ಮನೆಯಲ್ಲಿದ್ದು ಆ ಗೇಟಿಗೆ ಹೋಗುದು ಆಗುದಿಲ್ಲ. ಎರಡರಲ್ಲಿ ಒಂದು.’

ವಿನೋದಾ ಆಗ ‘ಅವಳೆಲ್ಲಿಗೆ ಹೋಗ್ತಾಳೆ, ನಾನು ಮಾತು ಕೊಟ್ಟಿದ್ದೇನೆ’ ಎನ್ನಬಹುದಿತ್ತು. ಗಂಡ ಇನ್ನೂ ಜಾಕೆಟ್ ತೆಗೆಯದೆ ನಿಂತಿದ್ದುದನ್ನು ನೋಡಿ ಅದನ್ನು ಹೇಳಲಿಲ್ಲ. ‘ಮೊದಲು ಉಣ್ಣಿ ಎಲ್ಲರೂ’ ಎಂದಷ್ಟೇ ಹೇಳಿದಳು. ನಾರೇ ಈರುಳ್ಳಿಯನ್ನು ಪೂರ್ತಿ ಹೆಚ್ಚಿ, ಹಲಗೆ ತೊಳೆದಿಟ್ಟು, ಮೇಲೆ ಹೋಗಿ ಚೀಲ ತುಂಬಿದಳು. ಫಾಲೋಫೀಲ್ಡಿನಲ್ಲಿ ಅವಳ ಗೆಳತಿಯ ಅಕ್ಕ ವಿದ್ಯಾರ್ಥಿಗಳ ಜೊತೆ ಒಂದು ಮನೆಯಲ್ಲಿದ್ದಳು. ಅಲ್ಲಿಗೆ ಹೋಗುವಾಗ ಅಜ್ಜಿಯ ಕಾಲು ಮುಟ್ಟಿದಳು, ಭುಜಂಗನಿಗೂ ‘ಬರ್ತೇನೆ ಮಾಮ’ ಅಂದಳು. ಅವನು ಗೋಡೆಯ ಕಡೆ ನೋಡಿ ತಲೆಯಾಡಿಸಿದ.

ಶೋಭಿತ್‌ಗೆ ಅವನ ಕೋಣೆ ಮರಳಿ ಸಿಕ್ಕಿತು. ಅವನು ಸೋಫಾದಲ್ಲೇ ಮಲಗಿದ.

ಭಾಗೀರಥಿ ಜಗಳವಾಡಲಿಲ್ಲ. ಸಂಜೆ ಅನ್ನ ಬಸಿದ ಮೇಲೆ ಎಂದಿನಂತೆ ಸೊಲ್ಲು ಎತ್ತಿದರು. ವಿನೋದಾ ಉತ್ತರ ಕೊಟ್ಟಳು, ಶೋಭಿತ್ ಗೊಣಗಿದ, ಭುಜಂಗ ಮೆಟ್ಟಿಲ ಮೇಲಿನಿಂದ ಕೂಗಿದ. ಭಾಗೀರಥಿ ಸೌಟು ಹಿಡಿದು ಹಾಗೇ ನಿಂತರು, ಬಡಿಸಲಿಲ್ಲ. ಅನ್ನ ತಣ್ಣಗಾಗತೊಡಗಿದಾಗ ಭುಜಂಗ ಕೇಳಿದ, ‘ಎಂತಕ್ಕೆ ಕಾಯುದು?’

‘ಒಂದು ದನಿ ಬಾಕಿ ಉಂಟು.’

‘ಅವಳು ಇಲ್ಲ ಅಮ್ಮ. ಗೊತ್ತುಂಟಲ್ಲ ನಿಮಗೆ.’

‘ನನ್ನ ಅಕ್ಕನೂ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದ್ರೂ ನಮ್ಮಮ್ಮ ವರ್ಷಗಟ್ಲೆ ಕಾದೇ ಬಡಿಸಿದ್ದು.’

ದಿನಾ ಹೀಗೇ. ಬಿಸಿ ಅನ್ನ ಕಂಡವರಿಲ್ಲ. ಒಂದು ದಿನ ವಿನೋದಾ ಬಸಳೆ ತಂದರೆ ಭಾಗೀರಥಿ ಅದನ್ನು ಫ್ರಿಜ್ಜಿನಲ್ಲಿ ತುರುಕಿದರು. ‘ಬಸಳೆ ನಾಲ್ಕು ಜನಕ್ಕೆ ಮಾಡುವ ಪದಾರ್ಥ ಅಲ್ಲ.’ ಅದು ಅಲ್ಲೇ ಕೊಳೆಯಿತು.

ಹೇಸುಕ್‌ಳ ಫೋನ್ ಭಾನುವಾರ ಬಂತು. ಅವಳ ತಾಯಿ ಇನ್ನೂ ಎದ್ದು ಕೂರುವುದಿಲ್ಲವಂತೆ. ‘ನಾರೇ ಊಟ ಮಾಡ್ತಿದ್ದಾಳಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

‘ಮಾಡ್ತಾಳೆ,’ ಎಂದಳು ವಿನೋದಾ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಮುಂದೆ ಹೇಸುಕ್ ಏನು ಕೇಳಿದಳೋ ತಾನೇನು ಉತ್ತರ ಕೊಟ್ಟಳೋ ಅವಳಿಗೇ ನೆನಪಿಲ್ಲ. ಮಾರನೆಯ ದಿನ ನೀರುದೋಸೆ, ಚಟ್ನಿ ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸು ಹತ್ತಿದಳು.

ಫಾಲೋಫೀಲ್ಡಿನ ಆ ಮನೆಯ ಮುಂದೆ ತುಂಬಿ ಚೆಲ್ಲಿದ ಕಸದ ಡಬ್ಬಗಳಿದ್ದವು. ನಾರೇ ಯಾರದೋ ಕೋಣೆಯ ನೆಲದ ಮೇಲೆ ಹಾಸಿಗೆ ಹಾಕಿಕೊಂಡಿದ್ದಳು. ಕುತ್ತಿಗೆಗೆ ಮಫ್ಲರ್, ದನಿ ಬಿದ್ದುಹೋಗಿತ್ತು. ನೀರುದೋಸೆಯನ್ನು ಮೂರು ಮೂರು ಒಟ್ಟಿಗೆ ಮಡಚಿ ತಿಂದಳು. ವಿನೋದಾಳ ಕಣ್ಣು ತುಂಬಿತು, ಅದನ್ನು ಮುಚ್ಚಲು ಬೈದಳು.

‘ನಿನ್ನ ಅಮ್ಮನಿಗೆ ನಾನು ಸುಳ್ಳು ಹೇಳಿದೆ. ನಿಂಗೆ ಪರೀಕ್ಷೆ ಉಂಟು. ಗಂಟಲು ನೋಡು, ಗರಗಸ ಎಳೆದ ಹಾಗೆ ಉಂಟು. ಆ ಹೆಂಗಸರಿಗೆ ಯೂನಿಯನ್ ಉಂಟು, ನೀನು ಯಾಕೆ?’

‘ಮಾಮಿ, ಕಂಪನಿಯವರು ಗುರುವಾರ ಮಧ್ಯಾಹ್ನದ ಮೊದಲು ಒಳಗೆ ಬಂದವರನ್ನು ಸುಮ್ಮನೆ ಸೇರಿಸ್ಕೊಳ್ತೇವೆ ಅಂದಿದ್ದಾರೆ. ಉಳಿದವರನ್ನು ಆಮೇಲೆ ನೋಡ್ತಾರಂತೆ. ಸುಮಾರು ಜನ ಹೋಗ್ತಾರೆ. ಪುಟ್ಟಕ್ಕನೂ ಹೋಗ್ತೇನೋ ಇರ್ತೇನೋ ಅಂತಿದ್ದಾಳೆ. ಆ ದಿನ ಹಾಡದಿದ್ರೆ ಮತ್ತೆ ಯಾವಾಗ ಹಾಡುದು?’

‘ಮಾಮ ಅಲ್ಲೇ ಇರ್ತಾರೆ.’

‘ಗೊತ್ತುಂಟು.’ ನಾರೇ ಡಬ್ಬಿಯ ಮುಚ್ಚಳ ಹಾಕಿದಳು. ‘ಅಜ್ಜಿ ಈಗಲೂ ಸೊಲ್ಲು ಎತ್ತುತ್ತಾರಾ?’

‘ಎತ್ತಿ ಕಾಯ್ತಾರೆ. ನಾವು ತಣ್ಣಗಿನ ಅನ್ನ ತಿನ್ನುದು.’

ಹುಡುಗಿ ಬೇರೆ ಕಡೆ ತಿರುಗಿ ಮೂಗು ಒರೆಸಿಕೊಂಡಳು.

ಗುರುವಾರ ವಿನೋದಾ ಮತ್ತೆ ಡಬ್ಬಿ ಕಟ್ಟಿದಳು. ಬಿಸಿನೀರಿನ ಫ್ಲಾಸ್ಕಿಗೆ ಕಾಳುಮೆಣಸು, ಬೆಲ್ಲ ಹಾಕಿದಳು. ಭುಜಂಗ ಬೆಳಿಗ್ಗೆಯೇ ಹೋಗಿದ್ದ. ಟ್ರಾಮಿನಲ್ಲಿ ಕೂತಾಗ ಅವಳಿಗೆ ತಾನು ಹೋಗುತ್ತಿರುವುದು ಹುಡುಗಿಯನ್ನು ಕರೆತರುವುದಕ್ಕೋ, ಬರೀ ಕಷಾಯ ಕೊಡುವುದಕ್ಕೋ ಸ್ಪಷ್ಟವಿರಲಿಲ್ಲ. ಗಂಡ ನೋಡಿದರೆ ಏನು ಹೇಳುವುದೆಂದೂ ಗೊತ್ತಿರಲಿಲ್ಲ.

ಗೇಟಿನ ಬಳಿ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಫುಟ್‌ಪಾತಿನಲ್ಲಿ ಹೆಂಗಸರೆಲ್ಲ ಜಾಕೆಟಿನ ಹುಡ್ ಮೂಗಿನವರೆಗೆ ಎಳೆದುಕೊಂಡಿದ್ದರು, ಯಾರ ಮುಖವೂ ಕಾಣುತ್ತಿರಲಿಲ್ಲ. ಡೋಲಿನಿಂದಲೇ ನಾರೇಯನ್ನು ಗುರುತಿಸಬೇಕು. ಗೇಟಿನ ಅಡ್ಡಪಟ್ಟಿಯ ಆಚೆ ಹಳದಿ ಜಾಕೆಟಿನಲ್ಲಿ ಭುಜಂಗ, ಅವನ ಪಕ್ಕ ಕೊಡೆ ಹಿಡಿದ ಕೀತ್. ಒಳಗೆ ಬರುವವರನ್ನು ಕರೆದೊಯ್ಯಲು ಒಂದು ಮಿನಿಬಸ್ ಬಾಗಿಲು ತೆರೆದು ನಿಂತಿತ್ತು. ಒಬ್ಬಳು ಬೋರ್ಡು ಕೆಳಗಿಟ್ಟು, ಯಾರ ಕಡೆಯೂ ನೋಡದೆ ಹೋಗಿ ಹತ್ತಿದಳು. ಅವಳ ಹಿಂದೆ ಇಬ್ಬರು. ಆಮೇಲೆ ಒಂದು ಗುಂಪೇ ಹೋಯಿತು.

ಉಳಿದವರು ಬೆರಳೆಣಿಕೆಯಷ್ಟು. ಪುಟ್ಟಲಕ್ಷ್ಮಿ ಅವರಲ್ಲಿದ್ದಳು, ಆದರೆ ಅವಳ ಕಣ್ಣು ಮಿನಿಬಸ್ಸಿನ ಮೆಟ್ಟಿಲ ಮೇಲಿತ್ತು. ಒಂದು ಕಾಲು ಫುಟ್‌ಪಾತಿನಿಂದ ಕೆಳಗಿಟ್ಟಿದ್ದಳು.

ಆಗ ನಾರೇ ಡೋಲಿಗೆ ಕೋಲು ಹಾಕಿದಳು. ಒದ್ದೆಯಾದ ಚರ್ಮ, ಸದ್ದು ಏಳಲಿಲ್ಲ. ಅವಳು ಬಾಯಿ ತೆರೆದು ಸೊಲ್ಲು ಎತ್ತಿದಳು.

‘ಎಂಕ್ಲೆನ ಕಂಡೊಗು ಏರ್ ಬತ್ತೆರ್...’

ದನಿ ನಡುವೆ ಒಡೆಯಿತು. ಮೂರು ವಾರ ಇದಕ್ಕೆ ಉತ್ತರ ಕೊಟ್ಟ ಹೆಂಗಸರು ಒಬ್ಬರನ್ನೊಬ್ಬರು ನೋಡಿದರು, ಯಾರೂ ತುಟಿ ಬಿಚ್ಚಲಿಲ್ಲ. ಉತ್ತರ ಕೊಟ್ಟರೆ ಉಳಿದ ಹಾಗೆ, ಕೊಡದಿದ್ದರೆ ಹೋಗಬಹುದು. ವಿನೋದಾ ಬಾಯಿ ತೆರೆದಳು. ಫ್ಲಾಸ್ಕು ಎದೆಗೆ ಒತ್ತಿಕೊಂಡು, ಗಂಡನನ್ನು ನೋಡುತ್ತ, ಒಂದು ಅಕ್ಷರ ಹೊರಡಿಸಲಾಗಲಿಲ್ಲ. ಆ ಕ್ಷಣಕ್ಕಾಗಿ ಅವಳಿಗೆ ತನ್ನ ಮೇಲೆ ಈಗಲೂ ಸಿಟ್ಟುಂಟು.

ಅಷ್ಟರಲ್ಲಿ ಅಡ್ಡಪಟ್ಟಿಯ ಆಚೆಯಿಂದ, ಬಚ್ಚಲಿನಿಂದ ಇಡೀ ಬೀದಿಗೆ ಕೇಳುವಂತೆ ಕೂಗುವ ಅದೇ ಗಂಟಲಿನಲ್ಲಿ, ‘ಎಂಕುಲು ಬತ್ತ, ಓ ಲೆಲ್ಲೇ’ ಎಂದು ಬಂತು.

ಭುಜಂಗ ಬೇಕೆಂದು ಹೇಳಿದ್ದಲ್ಲ. ಅವನ ಮುಖ ನೋಡಿದ ಯಾರಿಗೂ ಅದು ಗೊತ್ತಾಗುತ್ತಿತ್ತು. ಕೈ ಬಾಯಿಯವರೆಗೆ ಏರಿ ಅರ್ಧದಲ್ಲಿ ನಿಂತಿತ್ತು. ವರ್ಷಗಟ್ಟಲೆ ದಿನಾ ಸಂಜೆ ಆ ಪ್ರಶ್ನೆಗೆ ಉತ್ತರ ಕೊಟ್ಟ ಗಂಟಲು, ಯಜಮಾನನ ಅಪ್ಪಣೆ ಕೇಳದೆ ಕೊಟ್ಟುಬಿಟ್ಟಿತು. ಕೀತ್ ಕೊಡೆಯ ಕೆಳಗಿನಿಂದ ಅವನನ್ನು ನೋಡಿದ. ನಾರೇ ನೋಡಿದಳು. ಪುಟ್ಟಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಾಲನ್ನು ಮತ್ತೆ ಫುಟ್‌ಪಾತಿಗೆ ಎತ್ತಿಕೊಂಡಳು.

‘ಆ ಹುಡುಗಿ ಯಾರೆಂದು ಗೊತ್ತಿಲ್ಲ ಅಂದಿದ್ದೆ,’ ಎಂದ ಕೀತ್.

ಭುಜಂಗ ಮುಖದ ನೀರು ಒರೆಸಿಕೊಂಡ. ಈಗಲೂ ಅವನಿಗೆ ದಾರಿಯಿತ್ತು. ಊರ ಹಳೆಯ ಹಾಡು, ಎಲ್ಲರಿಗೂ ಬರುತ್ತದೆ ಎಂದರೆ ಸಾಕಿತ್ತು. ಕೀತ್ ನಂಬುತ್ತಿದ್ದನೋ ಏನೋ. ವಿನೋದಾ ಹಾಗೇ ಹೇಳಲಿ ಎಂದು ಬೇಡಿದಳು, ಹಾಗೆ ಹೇಳದಿರಲಿ ಎಂದೂ ಬೇಡಿದಳು.

‘ಸುಳ್ಳು ಹೇಳಿದ್ದೆ,’ ಎಂದ ಭುಜಂಗ, ತನ್ನ ಒರಟು ಇಂಗ್ಲಿಷಿನಲ್ಲಿ. ‘ಅವಳು ನಮ್ಮ ಮನೆ ಹುಡುಗಿ. ನನ್ನ ಹೆಂಡತಿ ಸಾಕಿದ್ದು. ಆ ಹಾಡು ನನ್ನ ಅಮ್ಮನದ್ದು.’ ಮತ್ತೂ ಹೇಳಿದ, ‘ಆ ರೂಮಿಗೆ ಕಿಟಕಿ ಇಲ್ಲ, ಕೀತ್. ನಾನೂ ಅಲ್ಲಿ ಕೂತಿದ್ದೇನೆ.’

ಕೀತ್ ಸಿಟ್ಟಾಗಲಿಲ್ಲ, ಅದೇ ಕೆಟ್ಟ ಲಕ್ಷಣ. ಆಫೀಸಿಗೆ ಬಾ ಎಂದು ಮೆಲ್ಲಗೆ ಹೇಳಿ ಮುಂದೆ ನಡೆದ. ಭುಜಂಗ ಅಡ್ಡಪಟ್ಟಿಯವರೆಗೆ ಬಂದ. ನಾರೇಯ ಕಡೆ ನೋಡಲು ಅವನಿಗೆ ನಾಚಿಕೆಯಾಯಿತೋ ಏನೋ, ಹೆಂಡತಿಯ ಕೈಯ ಫ್ಲಾಸ್ಕು ನೋಡಿ ಮಾತಾಡಿದ.

‘ಅದು ಅವಳಿಗೆ ಕೊಡು, ತಣ್ಣಗಾಗ್ತದೆ. ಗಂಟಲು ಪೂರಾ ಹೋಗಿದೆ. ಮತ್ತೆ ಅಮ್ಮನಿಗೆ ಒಂದು ಫೋನ್ ಮಾಡು.’

‘ಎಂತ ಹೇಳ್ಲಿ?’

‘ಆದದ್ದು ಹೇಳು,’ ಎಂದು ಅವನು ಆಫೀಸಿನ ಕಡೆ ಹೋದ. ಹಿಂದೆ ಹೆಂಗಸರು ಈಗ ಒಟ್ಟಿಗೆ ಉತ್ತರ ಕೊಡುತ್ತಿದ್ದರು. ಅವನು ತಿರುಗಿ ನೋಡಲಿಲ್ಲ.

ವಿನೋದಾ ಬಸ್ ಸ್ಟಾಪಿನ ಮಾಡಿನ ಕೆಳಗೆ ನಿಂತು ಮನೆಗೆ ಫೋನ್ ಮಾಡಿದಳು. ಕೈ ಮರಗಟ್ಟಿತ್ತು. ಭಾಗೀರಥಿ ಎತ್ತಿದರು, ಎಲ್ಲವನ್ನೂ ಕೇಳಿಸಿಕೊಂಡರು.

‘ಅವನು ಉತ್ತರ ಕೊಟ್ಟನಾ?’

‘ಕೊಟ್ರು.’

‘ಎಲ್ಲರ ಎದುರಾ?’

‘ಎಲ್ಲರ ಎದುರೇ. ನಮ್ಮ ಮನೆ ಹುಡುಗಿ ಅಂತಲೂ ಹೇಳಿದ್ರು.’

ಆ ಕಡೆ ಕುರ್ಚಿ ಎಳೆದು ಕೂತ ಸದ್ದಾಯಿತು.

‘ಹಾಗಾದ್ರೆ ಕೆಲಸ ಹೋಯ್ತು ಅಂತಲೇ ಲೆಕ್ಕ,’ ಎಂದರು ಭಾಗೀರಥಿ. ‘ಬರುವಾಗ ಅವಳನ್ನು ಕರ್ಕೊಂಡು ಬಾ. ದಾರಿಯಲ್ಲಿ ಬಸಳೆ ತಾ, ಎಳತು ನೋಡಿ ತಾ. ಐದು ಜನಕ್ಕೆ.’